ಹಿರಿಯೂರಿನ ಸುತ್ತ ಕತ್ತಲೆ ಹುಡುಕಿದ ಬಗೆ

ನಕ್ಷತ್ರ ನೋಡಲು ಎಲ್ಲಿಗೆ ಹೋಗಬೇಕು ಅಂತ ಕೇಳಿದರೆ ಹೆಚ್ಚಿನವರು ಬೆಟ್ಟದ ತುದಿ ತೋರಿಸುತ್ತಾರೆ. ನಾನು ಬೆಟ್ಟದ ಹಿಂದಿನ ತಗ್ಗು ತೋರಿಸುತ್ತೇನೆ. ತುದಿಗೆ ಹತ್ತಿದರೆ ಸುತ್ತಲಿನ ಎಲ್ಲ ಊರುಗಳ ದೀಪ ಕಣ್ಣಿಗೆ ಹೊಡೆಯುತ್ತದೆ. ಹಿಂದಿನ ತಗ್ಗಿನಲ್ಲಿ ನಿಂತರೆ ಅದೇ ಬೆಟ್ಟ ಊರಿನ ಬೆಳಕನ್ನು ತಡೆಯುತ್ತದೆ. ಹಿರಿಯೂರಿನ ಸುತ್ತ ವರ್ಷಗಟ್ಟಲೆ ಓಡಾಡಿದ ಮೇಲೆ ನನಗೆ ಗಟ್ಟಿಯಾದ ಮಾತು ಇದು.

ನಮ್ಮದು ಮಳೆ ಕಡಿಮೆ ಇರುವ ಸೀಮೆ. ಚಳ್ಳಕೆರೆ, ಹಿರಿಯೂರು ಅಂದರೆ ರಾಜ್ಯದ ಅತಿ ಒಣ ಭಾಗಗಳಲ್ಲಿ ಒಂದು. ಬೇಸಾಯಕ್ಕೆ ಇದು ಕಷ್ಟ, ಆದರೆ ಆಕಾಶ ನೋಡುವವರಿಗೆ ಮೋಡವಿಲ್ಲದ ರಾತ್ರಿಗಳು ಬೇಕಾದಷ್ಟು ಸಿಗುತ್ತವೆ. ತೊಂದರೆ ಇರುವುದು ಬೆಳಕಿನದು. ಊರಿನ ಹತ್ತಿರ ಎರಡು ರಾಷ್ಟ್ರೀಯ ಹೆದ್ದಾರಿಗಳು ಸೇರುತ್ತವೆ, 48 ಮತ್ತು 150ಎ. ಸರ್ಕಲ್ಲುಗಳಲ್ಲಿ ಹೈಮಾಸ್ಟ್ ದೀಪ, ದಾರಿಯುದ್ದಕ್ಕೂ ಡಾಬಾಗಳು. ನಮ್ಮ ಮನೆ ತಾರಸಿಯಿಂದ ಸಪ್ತರ್ಷಿ ಮಂಡಲ ಕಾಣುತ್ತದೆ, ಆಕಾಶಗಂಗೆ ಕಾಣುವುದಿಲ್ಲ.

ಜಾಗ ಹುಡುಕುವಾಗ ಎಲ್ಲರೂ ದೂರ ಲೆಕ್ಕ ಹಾಕುತ್ತಾರೆ. ದಿಕ್ಕಿನ ಲೆಕ್ಕ ಅದಕ್ಕಿಂತ ಮುಖ್ಯ. ನಾವಿರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಂದರೆ ಧ್ರುವ ನಕ್ಷತ್ರ ದಿಗಂತದಿಂದ ಬರೀ 14 ಡಿಗ್ರಿ ಮೇಲೆ. ಅದೇ ಕಾರಣಕ್ಕೆ ದಕ್ಷಿಣದ ಆಕಾಶ ನಮಗೆ ತುಂಬಾ ತೆರೆದುಕೊಂಡಿದೆ. ಯುರೋಪಿನ ಹೆಚ್ಚಿನ ಭಾಗದವರಿಗೆ ಕಾಣದ ಅಗಸ್ತ್ಯ ನಕ್ಷತ್ರ, ಶಿಲುಬೆಯಾಕಾರದ ತ್ರಿಶಂಕು, ಒಮೆಗಾ ಸೆಂಟಾರಿ ಅನ್ನುವ ನಕ್ಷತ್ರಗಳ ಗೊಂಚಲು ನಮಗೆ ಹೊಲದ ಬದುವಿನ ಮೇಲೆ ಕೂತರೆ ಸಿಗುತ್ತವೆ. ಆದರೆ ಇವೆಲ್ಲ ತಗ್ಗಿನಲ್ಲೇ ಸಾಗುತ್ತವೆ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ತ್ರಿಶಂಕು ತನ್ನ ಅತಿ ಎತ್ತರಕ್ಕೆ ಬಂದಾಗಲೂ ದಿಗಂತದಿಂದ ಒಂದೂವರೆ ಮುಷ್ಟಿ ಮೇಲಷ್ಟೇ. ದಕ್ಷಿಣಕ್ಕೆ ಒಂದು ಪೇಟೆ ಇದ್ದರೆ ಅದರ ಬೆಳಕಿನ ಮಬ್ಬು ಇಡೀ ತ್ರಿಶಂಕುವನ್ನು ನುಂಗಿಬಿಡುತ್ತದೆ. ಹಾಗಾಗಿ ಊರು ಉತ್ತರಕ್ಕೋ ಪೂರ್ವಕ್ಕೋ ಬೆನ್ನ ಹಿಂದೆ ಇರಬೇಕು, ಎದುರಿನ ದಕ್ಷಿಣ ಖಾಲಿ ಇರಬೇಕು. ನನ್ನ ಮೊದಲ ಷರತ್ತು ಇದೇ.

ಅಂತರ್ಜಾಲದಲ್ಲಿ ಬೆಳಕಿನ ಮಾಲಿನ್ಯದ ನಕ್ಷೆಗಳು ಸಿಗುತ್ತವೆ. ಉಪಗ್ರಹ ರಾತ್ರಿ ಹೊತ್ತು ತೆಗೆದ ಚಿತ್ರಗಳಿಂದ ಮಾಡಿದವು. ಶುರುವಿಗೆ ಅವು ಒಳ್ಳೆಯವೇ, ಆದರೆ ಪೂರ್ತಿ ನಂಬಬೇಡಿ. ಇದಕ್ಕೆ ಸಾಮಾನ್ಯವಾಗಿ ಬಳಸುವ, ಉಪಗ್ರಹದಲ್ಲಿರುವ ವಿಯರ್ಸ್ ಅನ್ನುವ ಉಪಕರಣಕ್ಕೆ ನೀಲಿ ಬೆಳಕು ಕಾಣುವುದಿಲ್ಲ. ಬಿಳಿ ಎಲ್‌ಇಡಿ ದೀಪಗಳಲ್ಲಿ ನೀಲಿ ಅಂಶ ಜಾಸ್ತಿ, ಮತ್ತು ಗಾಳಿಯಲ್ಲಿ ಹೆಚ್ಚು ಚದುರುವುದೂ ಅದೇ. ಅಂದರೆ ಎಲ್‌ಇಡಿ ಹಾಕಿಸಿದ ಊರು ನಕ್ಷೆಯಲ್ಲಿ ನಿಜಕ್ಕಿಂತ ಕತ್ತಲಾಗಿ ಕಾಣಬಹುದು. ಇನ್ನೊಂದು, ಆ ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ರಾತ್ರಿ ಒಂದೂವರೆ ಸುಮಾರಿಗೆ. ಸಂಜೆ ಏಳರಿಂದ ಹನ್ನೊಂದರವರೆಗೆ ಉರಿದು ಆರುವ ದೀಪ ಅದರ ಲೆಕ್ಕಕ್ಕೇ ಬರುವುದಿಲ್ಲ.

ನಕ್ಷೆ ನೋಡಿ ನಾನು ಮೂರು ದಿಕ್ಕು ಆರಿಸಿಕೊಂಡೆ. ಜವಗೊಂಡನಹಳ್ಳಿ ಕಡೆ ಊರಿನಿಂದ ದಕ್ಷಿಣಕ್ಕೆ ಇದೆ, ನನ್ನ ಷರತ್ತಿಗೆ ಸರಿ. ಆದರೆ ಹೆದ್ದಾರಿಯೂ ಜೊತೆಗೇ ಬರುತ್ತದೆ. ಲಾರಿಗಳ ಹೆಡ್‌ಲೈಟ್ ಒಂದು ಸಲ ಕಣ್ಣಿಗೆ ಬಿದ್ದರೆ, ಕತ್ತಲಿಗೆ ಒಗ್ಗಿದ್ದ ಕಣ್ಣು ಮತ್ತೆ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅದನ್ನು ಬಿಟ್ಟೆ. ಧರ್ಮಪುರದ ಕಡೆ ಬಯಲು, ಶೇಂಗಾ ಹೊಲಗಳು, ಚೆನ್ನಾದ ಕತ್ತಲೆ. ಬೇಸಿಗೆಯಲ್ಲಿ ಅಲ್ಲಿ ನೋಡಿದ ಆಕಾಶ ನೆನೆದರೆ ಈಗಲೂ ಖುಷಿಯಾಗುತ್ತದೆ. ಚಳಿಗಾಲಕ್ಕೆ ಹೋದಾಗ ಮಾತ್ರ ಪಕ್ಕದ ಸೇವಂತಿಗೆ ತೋಟದಲ್ಲಿ ಸಾಲುಸಾಲು ಬಲ್ಬುಗಳು. ಸೇವಂತಿಗೆ ಹಗಲು ಗಿಡ್ಡವಾದಾಗ ಮೊಗ್ಗು ಕಟ್ಟುವ ಗಿಡ. ಗಿಡ ಎತ್ತರ ಬೆಳೆಯಲಿ, ಹೂವು ಬೆಲೆ ಬರುವ ಹೊತ್ತಿಗೆ ಸಿಗಲಿ ಅಂತ ರೈತರು ರಾತ್ರಿ ದೀಪ ಹಾಕುತ್ತಾರೆ. ಅದು ಅವರ ಅನ್ನ, ನಾವು ಬೇರೆ ಜಾಗ ನೋಡಿಕೊಳ್ಳಬೇಕು. ಅಂದಿನಿಂದ ಜಾಗ ನೋಡಲು ಹೋದಾಗ ಸುತ್ತಮುತ್ತ ಏನು ಬೆಳೆ ಇಡುತ್ತಾರೆ ಅಂತಲೂ ಕೇಳುತ್ತೇನೆ.

ಕೊನೆಗೆ ನಿಂತದ್ದು ಪಶ್ಚಿಮದ ವಾಣಿವಿಲಾಸ ಸಾಗರದ ಕಡೆ. ಜನ ಈಗಲೂ ಮಾರಿಕಣಿವೆ ಅನ್ನುತ್ತಾರೆ. ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು, 1907ರಲ್ಲಿ ಮುಗಿದದ್ದು. ಆ ಗುಡ್ಡಗಳೇ ನನಗೆ ಬೇಕಿದ್ದವು. ಅವುಗಳ ಆಚೆ ಹಿನ್ನೀರಿನ ಕಡೆ ಹೋದರೆ ಹಿರಿಯೂರಿನ ಬೆಳಕು ಗುಡ್ಡದ ಹಿಂದೆ ಉಳಿಯುತ್ತದೆ. ನಾನು ಮೊದಲು ಗುರುತು ಮಾಡಿಕೊಂಡಿದ್ದ ದಂಡೆ 2022ರಲ್ಲಿ ನೀರೊಳಗೆ ಹೋಯಿತು. ಆ ವರ್ಷ ಜಲಾಶಯ 89 ವರ್ಷಗಳ ನಂತರ ಕೋಡಿ ಬಿದ್ದಿತ್ತು. ಊರಿಗೆ ಊರೇ ಸಂಭ್ರಮ ಪಟ್ಟಿತು, ನಾನೂ ಬಾಗಿನದ ದಿನ ಹೋಗಿದ್ದೆ. ಆಮೇಲೆ ಇನ್ನಷ್ಟು ಮೇಲಿನ ಒಂದು ಹೊಲ ಸಿಕ್ಕಿತು. ನೀರಿನ ತೀರಾ ಹತ್ತಿರ ಬೇಡ. ಚಳಿಗಾಲದಲ್ಲಿ ಮಂಜು ಏಳುತ್ತದೆ, ಬೈನಾಕ್ಯುಲರಿನ ಗಾಜಿನ ಮೇಲೆ ಇಬ್ಬನಿ ಕೂರುತ್ತದೆ.

ಜಾಗ ಎಷ್ಟೇ ಚೆನ್ನಾಗಿದ್ದರೂ ಹಗಲು ಹೋಗಿ ಮಾತಾಡದೆ ರಾತ್ರಿ ಹೋಗಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ನಿಧಿಗಳ್ಳರ ಕಾಟ ಹಳೆಯದು. ಅಮಾವಾಸ್ಯೆ ರಾತ್ರಿ, ಊರಾಚೆ, ಟಾರ್ಚು ಹಿಡಿದ ಅಪರಿಚಿತರು ಅಂದರೆ ಜನ ಏನು ತಿಳಿಯುತ್ತಾರೆ ಹೇಳಿ. ನಾನು ಹೊಲದ ಯಜಮಾನರನ್ನು ಕಂಡು, ಬೈನಾಕ್ಯುಲರ್ ತೋರಿಸಿ, ಯಾವ ದಿನ ಬರುತ್ತೇನೆ ಅಂತ ಹೇಳಿದೆ. ಅವರೇ ಅಕ್ಕಪಕ್ಕದವರಿಗೆ ತಿಳಿಸಿದರು. ರಾತ್ರಿ ಕರೆಂಟು ಬಂದಾಗ ಮೋಟರ್ ಹಾಕಲು ರೈತರು ಓಡಾಡುತ್ತಲೇ ಇರುತ್ತಾರೆ, ಅವರಿಗೆ ಗೊತ್ತಿದ್ದರೆ ನಮಗೂ ಧೈರ್ಯ.

ಎಲ್ಲರಿಗಿಂತ ಜಾಸ್ತಿ ತಿಳಿದವರು ಕುರಿ ಕಾಯುವವರು. ಹೊಲಗಳಲ್ಲಿ ಮಂದೆ ಹಾಕಿ ರಾತ್ರಿಯೆಲ್ಲ ಬಯಲಲ್ಲೇ ಮಲಗುತ್ತಾರೆ. ಹಾವು ಎಲ್ಲಿ, ಚಿರತೆ ಎಲ್ಲಿ ಓಡಾಡಿತು, ಇಬ್ಬನಿ ಎಲ್ಲಿ ಕಡಿಮೆ, ಎಲ್ಲವೂ ಅವರಿಗೆ ಗೊತ್ತು. “ಗುಡ್ಡದ್ ಬುಡಕ್ಕೆ ಹೋಗ್ಬ್ಯಾಡ್ರಿ ಮೇಷ್ಟ್ರೆ, ಕರಡಿ ಇಳೀತವೆ. ಈ ದಿಬ್ಬದ್ ಮ್ಯಾಲೇ ಕುಂತ್ಕಳ್ರಿ” ಅಂತ ಒಬ್ಬ ಅಜ್ಜ ಹೇಳಿದ್ದ ಜಾಗದಲ್ಲೇ ನಾನು ಈಗ ಚಾಪೆ ಹಾಸುವುದು. ಅರಣ್ಯ ಇಲಾಖೆಯ ಗಡಿಯೊಳಗೆ ಮಾತ್ರ ರಾತ್ರಿ ಕಾಲಿಡುವುದಿಲ್ಲ. ಒಬ್ಬನೇ ಹೋಗುವುದಿಲ್ಲ, ಶೂ ಬಿಟ್ಟು ಚಪ್ಪಲಿಯಲ್ಲಿ ಹೋಗುವುದಿಲ್ಲ.

ಕತ್ತಲೆ ಎಷ್ಟಿದೆ ಅಂತ ಅಳೆಯಲು ಉಪಕರಣ ಬೇಡ. ಅರುಂಧತಿ ಕಂಡಳು ಅಂತ ಸಮಾಧಾನ ಪಡಬೇಡಿ, ಅವಳು ಪೇಟೆಯಿಂದಲೂ ಕಾಣುತ್ತಾಳೆ. ಫೆಬ್ರವರಿ, ಮಾರ್ಚಿನಲ್ಲಿ ನಾನು ಪುಷ್ಯ ನಕ್ಷತ್ರದ ಜಾಗ ನೋಡುತ್ತೇನೆ. ಅಲ್ಲಿ ಬರಿಗಣ್ಣಿಗೆ ಒಂದು ಮಬ್ಬು ಚುಕ್ಕೆ ಕಂಡರೆ ಜಾಗ ಪಾಸು. ಬೈನಾಕ್ಯುಲರ್ ಹಿಡಿದರೆ ಆ ಮಬ್ಬು ನಕ್ಷತ್ರಗಳ ಗೊಂಚಲಾಗಿ ಒಡೆಯುತ್ತದೆ. ನವೆಂಬರಿನಲ್ಲಾದರೆ ಪೂರ್ವಾಭಾದ್ರ, ಉತ್ತರಾಭಾದ್ರದ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ನೋಡಿ. ಅದರೊಳಗೆ ಎಷ್ಟು ಚುಕ್ಕಿ ಎಣಿಸಲು ಆಗುತ್ತದೆ? ಪೇಟೆಯಲ್ಲಿ ಒಂದೆರಡು ಸಿಕ್ಕರೆ ಹೆಚ್ಚು. ಒಳ್ಳೆಯ ಕತ್ತಲಲ್ಲಿ ಹತ್ತರ ಹತ್ತಿರ ಹೋಗುತ್ತದೆ. ಕಣ್ಣು ಒಗ್ಗಿದ ಮೇಲೆಯೇ ಎಣಿಸಬೇಕು. ಟಾರ್ಚಿಗೆ ನಾಟಕದ ಲೈಟುಗಳಿಗೆ ಹಾಕುವ ಕೆಂಪು ಜಿಲೆಟಿನ್ ಪೇಪರ್ ಎರಡು ಮಡಿಕೆ ಕಟ್ಟಿಕೊಂಡಿದ್ದೇನೆ. ಮೊಬೈಲ್ ಜೇಬಿನಿಂದ ಆಚೆ ಬರುವಂತಿಲ್ಲ.

ದಿನ ಆರಿಸಲು ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ ಒಂದೇ ದಿನ ಅಂದುಕೊಳ್ಳಬೇಡಿ. ಸಂಜೆ ನೋಡುವವರಿಗೆ ಬಹುಳ ಅಷ್ಟಮಿಯಿಂದ ಶುಕ್ಲ ತದಿಗೆವರೆಗೆ ಸರಿ. ಬೆಳಗಿನ ಜಾವ ಏಳುವವರಿಗೆ ಅಮಾವಾಸ್ಯೆಯ ನಂತರ ಶುಕ್ಲ ದಶಮಿವರೆಗೂ ಚಂದ್ರನ ಕಾಟವಿಲ್ಲ. ಆಕಾಶಗಂಗೆಯ ದಟ್ಟ ಭಾಗ ವೃಶ್ಚಿಕ, ಧನು ರಾಶಿಗಳ ಕಡೆ ಇದೆ. ಅದು ಸಂಜೆಗೆ ಬರುವ ಹೊತ್ತಿಗೆ ನಮ್ಮಲ್ಲಿ ಮಳೆಗಾಲದ ಮೋಡ. ಆದ್ದರಿಂದ ಫೆಬ್ರವರಿಯಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಆಗ್ನೇಯಕ್ಕೆ ನೋಡುವುದೇ ದಾರಿ. ರೋಹಿಣಿ ಮಳೆ ಸುರಿಯುವಾಗ ಆಕಾಶದಲ್ಲಿ ರೋಹಿಣಿಯನ್ನು ಹುಡುಕಿದರೆ ಸಿಗುವುದೇ ಇಲ್ಲ, ಗೊತ್ತಾ? ಆಗ ಸೂರ್ಯ ಆ ನಕ್ಷತ್ರದ ಹತ್ತಿರ ಇರುತ್ತಾನೆ. ನಮ್ಮ ಮಳೆ ನಕ್ಷತ್ರಗಳ ಲೆಕ್ಕವೆಲ್ಲ ಹೀಗೆ ಸೂರ್ಯನ ಜಾಗದ ಮೇಲೆ ನಿಂತಿದೆ.

ಏಪ್ರಿಲ್‌ನಲ್ಲಿ ಧೂಳು ಜಾಸ್ತಿ, ದಿಗಂತ ಮಾಸಿರುತ್ತದೆ. ಒಂದು ಜೋರು ಮಳೆ ಬಿದ್ದು ಮೋಡ ಹರಿದರೆ ಮರುದಿನ ರಾತ್ರಿ ಬಿಡಬೇಡಿ. ದಕ್ಷಿಣ ದಿಗಂತ ತೊಳೆದಿಟ್ಟಂತೆ ಇರುತ್ತದೆ.

ಹಳ್ಳಿಯ ಅಂಚಿನಲ್ಲಿ ಒಂದು ಗುಡಿ ಇದೆ. ಅದರ ಮುಂದಿನ ಎಲ್‌ಇಡಿ ಫ್ಲಡ್‌ಲೈಟ್ ನೇರ ನಮ್ಮ ಹೊಲಕ್ಕೆ ಹೊಡೆಯುತ್ತಿತ್ತು. ಪೂಜಾರಪ್ಪನವರನ್ನು ಒಂದು ರಾತ್ರಿ ಕರೆದುಕೊಂಡು ಹೋಗಿ ಬೈನಾಕ್ಯುಲರ್ ಕೊಟ್ಟೆ. ಚಿತ್ರಾ ನಕ್ಷತ್ರ ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬಂದಾಗ, ಅದರಿಂದ ನೇರ ಕೆಳಗೆ ಮೂರೂವರೆ ಮುಷ್ಟಿ ಇಳಿದರೆ ಒಮೆಗಾ ಸೆಂಟಾರಿ. ಬರಿಗಣ್ಣಿಗೆ ಮಸುಕು ಚುಕ್ಕಿ, ನನ್ನ 10×50 ಬೈನಾಕ್ಯುಲರಿನಲ್ಲಿ ದುಂಡನೆಯ ಮಂಜು. ಅದರಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳಿವೆ, ಬೆಳಕು ಹೊರಟು ಸುಮಾರು 17,000 ವರ್ಷ ಆಗಿದೆ ಅಂದೆ. ಅವರು ತುಂಬಾ ಹೊತ್ತು ನೋಡಿದರು. ಆಮೇಲೆ “ಬೆಳಕು ಗುಡಿ ಮ್ಯಾಲೆ ಬಿದ್ರೆ ಸಾಕಲ್ವಾ ಮೇಷ್ಟ್ರೆ, ಹೊಲಕ್ಯಾಕೆ?” ಅಂದು, ಮಾರನೇ ದಿನ ದೀಪವನ್ನು ಕೆಳಕ್ಕೆ ಬಗ್ಗಿಸಿ ತಗಡಿನ ಮುಚ್ಚಳ ಹಾಕಿಸಿದರು. ಈಗ ಒಂಬತ್ತರ ಮೇಲೆ ಅದನ್ನು ಆರಿಸುತ್ತಾರೆ. ಮೇ ತಿಂಗಳ ಅಮಾವಾಸ್ಯೆಗೆ ಹಳ್ಳಿ ಮಕ್ಕಳನ್ನೆಲ್ಲ ಕರೆತರುತ್ತೇನೆ ಅಂದಿದ್ದಾರೆ. ಅವತ್ತು ಒಂಬತ್ತು, ಒಂಬತ್ತೂವರೆ ಹೊತ್ತಿಗೆ ತ್ರಿಶಂಕು ದಕ್ಷಿಣದಲ್ಲಿ ನೆಟ್ಟಗೆ ನಿಲ್ಲುತ್ತದೆ, ಒಂದು ಗಂಟೆ ಬಿಟ್ಟು ಒಮೆಗಾ ಸೆಂಟಾರಿಯ ಸರದಿ. ಬೈನಾಕ್ಯುಲರ್ ಒಂದೇ ಇದೆ, ಇನ್ನೊಂದನ್ನು ಎಲ್ಲಾದರೂ ಹೊಂದಿಸಬೇಕು.