ಭತ್ತಕ್ಕೆ ಅಷ್ಟೊಂದು ನೆಲ ಬಂದಿದ್ದು ಎಲ್ಲಿಂದ?

ಸಬ್ಸಿಡಿ ಸಿಕ್ಕ ಬೆಳೆ ಹೆಚ್ಚುತ್ತದೆ, ಸಿಗದ ಬೆಳೆ ಕಡಿಮೆಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಅದನ್ನೇ ನಂಬಿಕೊಂಡು ಪಂಜಾಬಿನ ಬೆಳೆ ವಿಸ್ತೀರ್ಣದ ಅಂಕಿಅಂಶ ಹಿಡಿದು ಕೂತೆ. ಭತ್ತ ಎಷ್ಟು ಹೆಚ್ಚಿತು ಅನ್ನುವುದಕ್ಕಿಂತ, ಅದಕ್ಕೆ ಯಾವ ಬೆಳೆ ಜಾಗ ಬಿಟ್ಟುಕೊಟ್ಟಿತು ಅನ್ನುವುದೇ ನನಗೆ ಬೇಕಿತ್ತು.

1970-71ರಲ್ಲಿ ಅಲ್ಲಿ ಭತ್ತ ಇದ್ದಿದ್ದು ಬರೀ 3.9 ಲಕ್ಷ ಹೆಕ್ಟೇರ್. ಈಗ 30 ಲಕ್ಷ ಹೆಕ್ಟೇರ್ ಆಸುಪಾಸು. ಅಂದರೆ ಸುಮಾರು 26 ಲಕ್ಷ ಹೆಕ್ಟೇರ್ ಹೊಸದಾಗಿ ಸಿಕ್ಕಿದೆ. ಹಾಳೆಯಲ್ಲಿ ಎರಡು ಕಾಲಂ ಹಾಕಿದೆ. ಎಡಕ್ಕೆ ಏರಿದ ಬೆಳೆ, ಬಲಕ್ಕೆ ಇಳಿದ ಬೆಳೆ. ಎರಡನ್ನೂ ಕೂಡಿಸಿದರೆ ತಾಳೆಯಾಗಬೇಕು, ಅಲ್ವಾ?

ತಾಳೆಯಾಗಲಿಲ್ಲ. ಮೆಕ್ಕೆಜೋಳ 5.5 ಲಕ್ಷದಿಂದ ಒಂದು ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಶೇಂಗಾ, ಸಜ್ಜೆ ಹೆಚ್ಚುಕಡಿಮೆ ಕಾಣೆಯಾಗಿದ್ದವು. ಬೇಳೆಕಾಳು 4 ಲಕ್ಷ ಹೆಕ್ಟೇರ್ ಇದ್ದಿದ್ದು ಬಹಳ ಕಡಿಮೆಯಾಗಿತ್ತು. ಅದನ್ನೂ ಭತ್ತದ ಲೆಕ್ಕಕ್ಕೆ ಸೇರಿಸಿದೆ. ಅಲ್ಲೇ ತಪ್ಪಿದ್ದು. ಆ ಬೇಳೆಕಾಳಿನಲ್ಲಿ ಬಹುಪಾಲು ಕಡಲೆ, ಅದು ಹಿಂಗಾರಿನ ಬೆಳೆ. ಕಡಲೆಯ ಹೊಲಕ್ಕೆ ಬಂದಿದ್ದು ಗೋಧಿ, ಭತ್ತ ಅಲ್ಲ. ಹಾಳೆಯನ್ನು ಮುಂಗಾರು, ಹಿಂಗಾರು ಅಂತ ಎರಡು ಮಾಡಿದ ಮೇಲೆ ಮುಂಗಾರಿನಲ್ಲಿ ಇಳಿದ ಬೆಳೆಗಳೆಲ್ಲ ಸೇರಿ 10 ಲಕ್ಷವೂ ಆಗಲಿಲ್ಲ. ಉಳಿದ ನೆಲ ಎಲ್ಲಿಂದ ಬಂತು?

ಎರಡು ದಿನ ಇದೇ ತಲೆಯಲ್ಲಿತ್ತು. ಆಮೇಲೆ ನಿವ್ವಳ ಬಿತ್ತನೆ ಪ್ರದೇಶದ ಪಕ್ಕದಲ್ಲಿ ಒಟ್ಟು ಬಿತ್ತನೆ ಪ್ರದೇಶ ಇಟ್ಟು ನೋಡಿದೆ. ನಿವ್ವಳ ಅಂದರೆ ನಿಜವಾಗಿ ಉಳುವ ನೆಲ. ಅದು ಆಗಲೂ ಈಗಲೂ 40 ಲಕ್ಷ ಹೆಕ್ಟೇರ್ ಚಿಲ್ಲರೆ, ಕದಲೇ ಇಲ್ಲ. ಒಟ್ಟು ಅಂದರೆ ಒಂದೇ ಹೊಲದಲ್ಲಿ ವರ್ಷಕ್ಕೆ ಎರಡು ಸಲ ಬಿತ್ತಿದರೆ ಎರಡು ಸಲ ಎಣಿಸುವ ಲೆಕ್ಕ. ಅದು 57 ಲಕ್ಷದಿಂದ 78 ಲಕ್ಷಕ್ಕೆ ಏರಿತ್ತು. ಉತ್ತರ ಅಲ್ಲಿತ್ತು. ಹೊಸ ಭತ್ತದ ದೊಡ್ಡ ಪಾಲು ಬೇರೆ ಬೆಳೆಯನ್ನು ಓಡಿಸಿ ಬಂದಿದ್ದಲ್ಲ. ಮುಂಗಾರಿನಲ್ಲಿ ಸುಮ್ನೆ ಬಿಟ್ಟಿದ್ದ ಹೊಲಕ್ಕೇ ಅದು ಇಳಿದಿತ್ತು.

ಆ ಹೊಲಕ್ಕೆ ಬಹುಪಾಲು ನೀರು ಬೋರ್‌ವೆಲ್‌ನಿಂದ ಬರಬೇಕು. ಬೆಂಬಲ ಬೆಲೆಗೆ ಸರ್ಕಾರ ಕೊಳ್ಳುವುದು ಖಚಿತ. 1997ರಲ್ಲಿ ಪಂಪ್‌ಸೆಟ್‌ಗೆ ಕರೆಂಟೂ ಉಚಿತವಾಯಿತು. ಇಷ್ಟಿದ್ದರೆ ಯಾವ ರೈತ ತಾನೇ ಹೊಲ ಖಾಲಿ ಬಿಟ್ಟಾನು? ಅಂತರ್ಜಲ ಕುಸಿದು 2009ರಲ್ಲಿ, ಇಂಥ ದಿನಕ್ಕಿಂತ ಮೊದಲು ನಾಟಿ ಮಾಡಬಾರದು ಅಂತ ಕಾನೂನೇ ತರಬೇಕಾಯಿತು. ಈ ಕಥೆಯನ್ನು ಬರೀ ಬೆಂಬಲ ಬೆಲೆಯ ಕಥೆ ಅಂತ ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಬೆಲೆ ಮತ್ತು ನೀರು ಎರಡೂ ಸೇರಿದ್ದಕ್ಕೇ ಈ ಬದಲಾವಣೆ ಆಗಿದ್ದು.

ಉಲ್ಟಾ ದಿಕ್ಕಿನ ಪ್ರಯೋಗ ಯುರೋಪಿನದು. 1992ರ ಕೃಷಿ ನೀತಿ ಸುಧಾರಣೆಯಲ್ಲಿ, ಧಾನ್ಯದ ಪರಿಹಾರಧನ ಬೇಕಾದರೆ ದೊಡ್ಡ ರೈತರು 15% ನೆಲವನ್ನು ಬೆಳೆಯಿಂದ ಹೊರಗಿಡಬೇಕು ಅಂತ ಹೇಳಿದರು. ಹಾಗಾದರೆ ಧಾನ್ಯವೂ 15% ಕಡಿಮೆಯಾಗಬೇಕಿತ್ತು. ಆಗಲಿಲ್ಲ. ಎಷ್ಟೋ ರೈತರು ಬಿಟ್ಟಿದ್ದು ಕಡಿಮೆ ಬೆಳೆಯುವ ನೆಲ. ಉಳಿದ ನೆಲದಲ್ಲಿ ಇಳುವರಿ ಏರುತ್ತಲೇ ಇತ್ತು. ಇದನ್ನು ನೋಡಿದ ಮೇಲೆ ವಿಸ್ತೀರ್ಣದ ಪಕ್ಕದಲ್ಲಿ ಇಳುವರಿ ಇಡದೆ ನಾನು ಯಾವ ತೀರ್ಮಾನಕ್ಕೂ ಬರುತ್ತಿಲ್ಲ. ಒಂದೇ ವರ್ಷದ ಅಂಕಿಯನ್ನೂ ನಂಬುವುದಿಲ್ಲ, ಮಳೆ ಕೈಕೊಟ್ಟ ವರ್ಷ ಎಲ್ಲವೂ ಏರುಪೇರಾಗಿರುತ್ತದೆ. ಮೂರು ವರ್ಷದ ಸರಾಸರಿ ಹಿಡಿಯುತ್ತೇನೆ.

ಈಗ ಹರಿಯಾಣದ ಹಾಳೆ ತೆರೆದಿದ್ದೇನೆ. ಭತ್ತ ಬಿಟ್ಟು ಬೇರೆ ಬೆಳೆ ಹಾಕಿದವರಿಗೆ 2020ರಲ್ಲಿ ಎಕರೆಗೆ 7,000 ರೂಪಾಯಿ ಘೋಷಿಸಿದ್ದರು. ಮೊದಲ ಕಾಲಂಗೆ ಹೆಸರು ಬರೆದಾಗಿದೆ: ಭತ್ತ ಬಿಟ್ಟ ನೆಲದಲ್ಲಿ ಎರಡನೇ ವರ್ಷ ಬಂದ ಬೆಳೆ.