ಹುಳುಕಡ್ಡಿಗೆ ಮುಲಾಮು ಹಚ್ಚುವುದು ಹೇಗೆ?

ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತು ನನಗೆ ಹನ್ನೆರಡು ವರ್ಷ ಆಯಿತು. ಮಳೆಗಾಲ ಶುರುವಾದರೆ ಸಾಕು, ದಿನಕ್ಕೆ ಏಳೆಂಟು ಜನ ಬಂದು ದನಿ ತಗ್ಗಿಸಿ ಕೇಳುತ್ತಾರೆ: "ಅಣ್ಣಾ, ತುರಿಕೆಗೆ ಒಂದು ಟ್ಯೂಬ್ ಕೊಡಿ." ಕೆಲವರು ಹಳೇ ಟ್ಯೂಬನ್ನೇ ಜೇಬಿನಿಂದ ತೆಗೆಯುತ್ತಾರೆ. ಬಾಲದಿಂದ ಸುರುಳಿ ಸುತ್ತಿ ಸುತ್ತಿ ಮೇಲಿನ ಹೆಸರೆಲ್ಲ ಉಜ್ಜಿಹೋಗಿರುತ್ತದೆ. "ಇದೇ ಕೊಡಿ, ಎರಡೇ ದಿನಕ್ಕೆ ಕಡಿಮೆ ಆಗತ್ತೆ" ಅನ್ನುತ್ತಾರೆ. ಕಡಿಮೆ ಆಗುವುದು ನಿಜ. ಆದರೆ ಮೂರು ವಾರ ಬಿಟ್ಟು ಅವರೇ ಮತ್ತೆ ಬರುತ್ತಾರೆ. ತೊಡೆಸಂದಿಯಲ್ಲಿ ಇದ್ದದ್ದು ಅಷ್ಟರಲ್ಲಿ ಸೊಂಟಕ್ಕೆ ಹತ್ತಿರುತ್ತದೆ, ಮನೆಯಲ್ಲಿ ಹೆಂಡತಿ ಮಕ್ಕಳಿಗೂ ಅಂಟಿರುತ್ತದೆ.

ಹುಳುಕಡ್ಡಿ ಅಂದರೂ ಗಜಕರ್ಣ ಅಂದರೂ ಒಂದೇ. ಹೆಸರಲ್ಲಿ ಹುಳು ಇದೆ, ಚರ್ಮದಲ್ಲಿ ಇಲ್ಲ. ಹಳೇ ಬ್ರೆಡ್ಡಿಗೆ ಬೂಷ್ಟು ಹಿಡಿಯುವ ಹಾಗೆ ಚರ್ಮದ ಮೇಲ್ಪದರದಲ್ಲಿ ಫಂಗಸ್ ಬೆಳೆಯುತ್ತದೆ, ಅಷ್ಟೆ. ಹೋಗುವ ಕಾಯಿಲೆ ಇದು. ಹೋಗದೆ ವರ್ಷಗಟ್ಟಲೆ ಕಾಡುತ್ತಿದ್ದರೆ ಹೆಚ್ಚಿನ ಸಲ ಮುಲಾಮು ತಪ್ಪಾಗಿರುತ್ತದೆ, ಇಲ್ಲವೇ ಹಚ್ಚಿದ ಕ್ರಮ ತಪ್ಪಾಗಿರುತ್ತದೆ.

ಮೊದಲು, ಹುಳುಕಡ್ಡಿ ಹೌದೋ ಅಲ್ಲವೋ ನೋಡಿ

ಬೆಳಕಿಗೆ ಹಿಡಿದು ಅಂಚನ್ನು ನೋಡಿ. ಹುಳುಕಡ್ಡಿಯಾದರೆ ಬಳೆಯ ಹಾಗೆ ಗುಂಡಗೆ ಹರಡುತ್ತದೆ. ಅಂಚು ಕೆಂಪಗೆ ಸ್ವಲ್ಪ ಉಬ್ಬಿ, ಸಣ್ಣ ಹೊಟ್ಟು ಏಳುತ್ತಿರುತ್ತದೆ. ನಡುವಿನ ಚರ್ಮ ವಾಸಿಯಾದ ಹಾಗೆ ಕಾಣುತ್ತದೆ. ಕೈಯಿಂದ ಬೆನ್ನಿಗೆ, ಬೆನ್ನಿಂದ ಹೊಟ್ಟೆಗೆ ಜಾಗ ಬದಲಿಸುತ್ತಾ, ಒಂದು ದಿನದೊಳಗೆ ಗುರುತೂ ಇಲ್ಲದೆ ಮಾಯವಾಗುವ ಗಂದೆ ಬೇರೆ, ಅದು ಅಲರ್ಜಿ. ರಾತ್ರಿ ಹಾಸಿಗೆಗೆ ಹೋದ ಮೇಲೆ ತುರಿಕೆ ಜೋರಾಗಿ, ಬೆರಳ ಸಂದಿಯಲ್ಲೂ ಮಣಿಕಟ್ಟಿನಲ್ಲೂ ಸಣ್ಣ ಗುಳ್ಳೆ ಎದ್ದಿದ್ದರೆ ಅದು ಕಜ್ಜಿ ಇರಬಹುದು. ಅದಕ್ಕೆ ಔಷಧಿಯೇ ಬೇರೆ. ನಾಣ್ಯದಷ್ಟಗಲ ಇದ್ದು ನಡುವೆಯೂ ಅಂಚಿನಷ್ಟೇ ದಪ್ಪಗಿದ್ದರೆ, ಕೆಲವೊಮ್ಮೆ ನೀರು ಒಸರುತ್ತಿದ್ದರೆ, ಇಸುಬು ಇರಬಹುದು.

ಇನ್ನೊಂದನ್ನು ಮರೆಯಬೇಡಿ. ಮಚ್ಚೆ ತೆಳು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಗೊತ್ತಾಗದೆ ಮರಗಟ್ಟಿದ ಹಾಗೆ ಇದ್ದರೆ ಯಾವ ಟ್ಯೂಬನ್ನೂ ಕೊಳ್ಳಬೇಡಿ. ಅದು ಕುಷ್ಠರೋಗದ ಮೊದಲ ಗುರುತಾಗಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧಿ ಪುಕ್ಕಟೆ ಸಿಗುತ್ತದೆ, ಬೇಗ ಹೋದರೆ ಪೂರ್ತಿ ವಾಸಿಯಾಗುತ್ತದೆ.

ಅನುಮಾನ ಬಂದರೆ ಚರ್ಮದ ಡಾಕ್ಟರು ಬ್ಲೇಡಿನ ಅಂಚಿನಿಂದ ಹೊಟ್ಟನ್ನು ನವಿರಾಗಿ ಕೆರೆದು, ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನೋವಿಲ್ಲ. ಸುಮ್ನೆ ಊಹೆ ಮಾಡಿ ಆರು ತಿಂಗಳು ಕಳೆಯುವುದಕ್ಕಿಂತ ಇದು ಒಳ್ಳೆಯದು.

ಎರಡನೆಯದು, ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ

ಜಾಸ್ತಿ ಜನ ಎಡವುವುದು ಇಲ್ಲೇ. ನಾಲ್ಕೈದು ಔಷಧಿ ಸೇರಿಸಿದ ಮುಲಾಮುಗಳು ಮಾರ್ಕೆಟ್ಟಿನಲ್ಲಿ ಬೇಕಾದಷ್ಟಿವೆ. ಫಂಗಸ್‌ಗೆ ಒಂದು, ಬ್ಯಾಕ್ಟೀರಿಯಾಗೆ ಒಂದು, ಜೊತೆಗೆ ಒಂದು ಸ್ಟೀರಾಯ್ಡ್. ಎಲ್ಲ ಇದೆಯಲ್ಲ, ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಅಲ್ಲ. ತುರಿಕೆ ಮತ್ತು ಕೆಂಪು ಬರುವುದು ನಮ್ಮ ಮೈ ಆ ಫಂಗಸ್ ಜೊತೆ ಹೋರಾಡುವುದರಿಂದ. ಸ್ಟೀರಾಯ್ಡ್ ಆ ಹೋರಾಟವನ್ನೇ ನಿಲ್ಲಿಸುತ್ತದೆ. ತುರಿಕೆ ನಿಂತಿತು, ಕೆಂಪು ಇಳಿಯಿತು, ನಮಗೆ ನೆಮ್ಮದಿ. ತಡೆಯುವವರಿಲ್ಲದ ಫಂಗಸ್ ಒಳಗೊಳಗೇ ಹಬ್ಬುತ್ತದೆ. ಮುಲಾಮು ನಿಲ್ಲಿಸಿದ ಮೇಲೆ ಮೊದಲಿನ ಎರಡು ಪಟ್ಟು ಜಾಗದಲ್ಲಿ ಏಳುತ್ತದೆ. ಅಷ್ಟರಲ್ಲಿ ಬಳೆಯ ಆಕಾರವೂ ಕಲಸಿಹೋಗಿರುತ್ತದೆ, ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟ.

ಓದುವುದು ಹೀಗೆ. ಹೆಸರಿನ ಕೊನೆಯಲ್ಲಿ 'ಸೋನ್' ಇದ್ದರೆ ಅದು ಸ್ಟೀರಾಯ್ಡ್: ಬೀಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೊಮೆಥಾಸೋನ್. ಕ್ಲೊಬೆಟಸಾಲ್ ಅಂತ ಇದ್ದರೆ ಇನ್ನೂ ಎಚ್ಚರ, ಹಚ್ಚುವ ಸ್ಟೀರಾಯ್ಡುಗಳಲ್ಲೇ ಬಹಳ ಜೋರಿನದು ಅದು. ನಮಗೆ ಬೇಕಾದದ್ದು ಕ್ಲೋಟ್ರಿಮಜೋಲ್, ಲುಲಿಕೊನಜೋಲ್, ಕೀಟೊಕೊನಜೋಲ್, ಟರ್ಬಿನಾಫಿನ್ ಇಂಥದ್ದರಲ್ಲಿ ಒಂದೇ ಒಂದು. 'ಜೋಲ್' ಇದ್ದ ಮಾತ್ರಕ್ಕೆ ಮೋಸ ಹೋಗಬೇಡಿ. ಆರ್ನಿಡಜೋಲ್ ಅನ್ನುವುದೂ ಆ ಮಿಶ್ರಣಗಳಲ್ಲಿ ಇರುತ್ತದೆ, ಅದು ಫಂಗಸ್‌ಗೆ ಅಲ್ಲವೇ ಅಲ್ಲ. ನಾನಂತೂ ನನ್ನ ಅಂಗಡಿಯಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಮಿಶ್ರಣದ ಟ್ಯೂಬ್ ಕೊಡುವುದಿಲ್ಲ. 2018ರಲ್ಲೇ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಸರ್ಕಾರ ಶೆಡ್ಯೂಲ್ ಎಚ್ ಪಟ್ಟಿಗೆ ತಂದು, ಚೀಟಿ ಇಲ್ಲದೆ ಮಾರುವಂತಿಲ್ಲ ಅಂದಿದೆ. ಆದರೂ ಸಿಗುತ್ತಿದೆ. ನಮ್ಮ ವೃತ್ತಿಯವರ ತಪ್ಪು ಇದು, ನನಗೆ ಬೇಸರ ತರಿಸುವ ತಪ್ಪು.

ತಿಂಗಳುಗಟ್ಟಲೆ ಸ್ಟೀರಾಯ್ಡ್ ಹಚ್ಚಿದವರ ತೊಡೆಸಂದಿಯಲ್ಲಿ ಹೆರಿಗೆಯಾದವರ ಹೊಟ್ಟೆಯ ಮೇಲಿನಂಥ ಗೆರೆ ಬೀಳುತ್ತವೆ. ಅವು ಪೂರ್ತಿ ಹೋಗುವುದಿಲ್ಲ. ಹತ್ತೊಂಬತ್ತರ ಹಾಸ್ಟೆಲ್ ಹುಡುಗನೊಬ್ಬ ಆ ಗೆರೆಗಳ ಫೋಟೋ ತೋರಿಸಿ "ಇದಕ್ಕೆ ಏನಾದ್ರೂ ಟ್ಯೂಬ್ ಇದ್ಯಾ?" ಅಂದಾಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ಇಷ್ಟು ದಿನ ಹಚ್ಚಿದವರು ನಿಲ್ಲಿಸಿದ ಕೂಡಲೇ ಉರಿ, ತುರಿಕೆ ಒಮ್ಮೆಲೇ ಏರುತ್ತದೆ. ಹೆದರಿ ಅದೇ ಟ್ಯೂಬಿಗೆ ಮರಳಬೇಡಿ, ಡಾಕ್ಟರ ಹತ್ತಿರ ಹೋಗಿ.

ಮೂರನೆಯದು, ಹಚ್ಚುವುದು

ಸ್ನಾನ ಮಾಡಿ. ಸೋಪು ಯಾವುದಾದರೂ ಆಗಬಹುದು, ಸ್ಕ್ರಬ್ಬರಿನಿಂದ ಉಜ್ಜಬೇಡಿ. ಆ ಜಾಗವನ್ನು ಒತ್ತಿ ಒರೆಸಿ, ಐದು ನಿಮಿಷ ಗಾಳಿಗೆ ಬಿಡಿ. ಒದ್ದೆ ಚರ್ಮಕ್ಕೆ ಮುಲಾಮು ಹಚ್ಚಿ ಬಟ್ಟೆ ಹಾಕಿಕೊಂಡರೆ ಫಂಗಸ್‌ಗೆ ನಾವೇ ಬೇಕಾದ ವಾತಾವರಣ ಮಾಡಿಕೊಟ್ಟ ಹಾಗೆ.

ಎಲ್ಲರೂ ನಡುವೆ ಮುಲಾಮು ಇಟ್ಟು ಹೊರಗೆ ಸವರುತ್ತಾರೆ. ಉಲ್ಟಾ ಮಾಡಿ. ಫಂಗಸ್ ಚುರುಕಾಗಿರುವುದು ಅಂಚಿನಲ್ಲಿ. ಕಣ್ಣಿಗೆ ಕಾಣುವ ಅಂಚಿನ ಆಚೆಗೂ ಅದು ಕಾಲಿಟ್ಟಿರುತ್ತದೆ. ಹಾಗಾಗಿ ಅಂಚಿನಿಂದ 2 ಸೆಂಟಿಮೀಟರ್ ಆಚೆ, ಅಂದರೆ ಸುಮಾರು ಒಂದು ಬೆರಳಗಲ ದೂರದ ಒಳ್ಳೆಯ ಚರ್ಮದಿಂದ ಶುರು ಮಾಡಿ, ಸುತ್ತುತ್ತಾ ಒಳಗೆ ಬನ್ನಿ. ಹೊರಗಿನದನ್ನು ಒಳಕ್ಕೆ ತಂದರೆ ಹರಡುವ ಭಯ ಕಡಿಮೆ. ತೆಳ್ಳಗೆ ಸಾಕು, ಬೆಣ್ಣೆ ಬಳಿದ ಹಾಗೆ ಬೇಡ.

ಎಷ್ಟು ಮುಲಾಮು? ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಲೆಕ್ಕ ಹಾಕಿ: 15 ಗ್ರಾಂ ಟ್ಯೂಬಿನಲ್ಲಿ ಅಂಥ 30 ಎಳೆ. ಎರಡು ಅಂಗೈ ಅಗಲದ ಜಾಗಕ್ಕೆ ದಿನಕ್ಕೆರಡು ಸಲ ಹಚ್ಚಿದರೆ ಟ್ಯೂಬ್ ಹದಿನೈದೇ ದಿನ ಬರುತ್ತದೆ. ಮೂರು ತಿಂಗಳಾದರೂ ಒಂದೇ ಟ್ಯೂಬ್ ಇದೆ ಅನ್ನುವವರು ಸರಿಯಾಗಿ ಹಚ್ಚಿಯೇ ಇಲ್ಲ. ಲುಲಿಕೊನಜೋಲ್ ಆದರೆ ದಿನಕ್ಕೆ ಒಂದು ಸಲ, ಕ್ಲೋಟ್ರಿಮಜೋಲ್ ಆದರೆ ಎರಡು ಸಲ. ಹಚ್ಚಿದ ಮೇಲೆ ಕೈ ತೊಳೆಯಿರಿ.

ಬೇಗ ನಿಲ್ಲಿಸುವುದು ಇನ್ನೊಂದು ದೊಡ್ಡ ತಪ್ಪು. ತುರಿಕೆ ವಾರದಲ್ಲೇ ಹೋಗಬಹುದು, ಫಂಗಸ್ ಹೋಗಿರುವುದಿಲ್ಲ. ಚರ್ಮ ಪೂರ್ತಿ ತಿಳಿಯಾದ ಮೇಲೂ ಎರಡು ವಾರ ಹಚ್ಚಲೇಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿ.

ಬೆಳ್ಳುಳ್ಳಿ ಅರೆದು ಕಟ್ಟಬೇಡಿ. ಚರ್ಮ ಸುಟ್ಟು ಬೊಬ್ಬೆ ಎದ್ದವರನ್ನು ನೋಡಿದ್ದೇನೆ. ಫಿನಾಯಿಲ್, ಬ್ಯಾಟರಿ ನೀರು ಹಚ್ಚಿಕೊಂಡು ಬಂದವರೂ ಇದ್ದಾರೆ. ಗಾಯದ ಮೇಲೆ ಫಂಗಸ್, ಎರಡೂ ಅನುಭವಿಸಬೇಕಾಗುತ್ತದೆ.

ಬಟ್ಟೆ, ಉಡುದಾರ, ಮನೆಯವರು

ಇದನ್ನು ಬಿಟ್ಟರೆ ಮೇಲಿನದ್ದೆಲ್ಲ ನೀರಲ್ಲಿ ಹೋಮ. ಉಡುದಾರ ಬಿಚ್ಚಿಡಿ. ದಿನವಿಡೀ ಬೆವರು ಹೀರಿ ಒದ್ದೆಯಾಗಿರುವ ಆ ದಾರದಲ್ಲಿ ಫಂಗಸ್ ಆರಾಮವಾಗಿ ಉಳಿಯುತ್ತದೆ. ಹಿರಿಯರಿಗೆ ಬೇಡವೆಂದರೆ ಬೇಸರವಾಗುತ್ತದೆ, ಹಾಗಾಗಿ ವಾಸಿಯಾದ ಮೇಲೆ ಹೊಸದು ಕಟ್ಟಿಕೊಳ್ಳಿ ಅನ್ನುತ್ತೇನೆ. ಹೆಂಗಸರಿಗೆ ಲಂಗದ ಲಾಡಿ ಬಿಗಿಯುವ ಜಾಗದಲ್ಲಿ ಬರುವುದು ಜಾಸ್ತಿ. ಲಾಡಿ ಸಡಿಲ ಕಟ್ಟಿ, ದಿನವೂ ಲಂಗ ಬದಲಿಸಿ. ಜೀನ್ಸ್, ಲೆಗ್ಗಿಂಗ್ಸ್ ಸ್ವಲ್ಪ ದಿನ ಪಕ್ಕಕ್ಕಿಡಿ. ಸಡಿಲವಾದ ಹತ್ತಿ ಬಟ್ಟೆ ಹಾಕಿ.

ಟವೆಲ್ಲು ಒಬ್ಬರಿಗೊಂದು. ಒಳಉಡುಪು, ಟವೆಲ್ಲನ್ನು ಬಿಸಿನೀರಲ್ಲಿ ಬೇರೆಯಾಗಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಬಿಸಿಲೆಲ್ಲಿ ಸಿಗುತ್ತದೆ? ಹೊಲಿಗೆಯ ಜಾಗಕ್ಕೆ ಇಸ್ತ್ರಿ ಹಾಕಿ. ಒದ್ದೆ ವಾಸನೆ ಇರುವ ಚಡ್ಡಿಯನ್ನು ಮಾತ್ರ ಯಾವತ್ತೂ ಹಾಕಿಕೊಳ್ಳಬೇಡಿ. ಮನೆಯಲ್ಲಿ ಯಾರಿಗೆಲ್ಲ ಇದೆಯೋ ಅವರೆಲ್ಲ ಒಟ್ಟಿಗೇ ಔಷಧಿ ಶುರು ಮಾಡಬೇಕು. ನಾಚಿಕೆಯಿಂದ ಅತ್ತೆಯೋ ಸೊಸೆಯೋ ಹೇಳದೆ ಮುಚ್ಚಿಟ್ಟರೆ, ವಾಸಿಯಾದವರಿಗೆ ಮತ್ತೆ ಅಂಟುತ್ತದೆ.

ಮುಲಾಮು ಸಾಲದ ಕಡೆ

ತಲೆಯಲ್ಲಿ ಅಥವಾ ಉಗುರಿನಲ್ಲಿ ಬಂದರೆ ಮುಲಾಮು ಬೇರಿನವರೆಗೆ ಇಳಿಯುವುದಿಲ್ಲ, ಮಾತ್ರೆ ಬೇಕು. ಮೈಯೆಲ್ಲ ಹರಡಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಬಸುರಿಯಾಗಿದ್ದರೆ, ಮಗುವಿಗೆ ಬಂದಿದ್ದರೆ, ನಾಲ್ಕು ವಾರ ಸರಿಯಾಗಿ ಹಚ್ಚಿಯೂ ಬಗ್ಗದಿದ್ದರೆ ಡಾಕ್ಟರಿಗೆ ತೋರಿಸಿ. ಪಕ್ಕದ ಮನೆಯವರಿಗೆ ಬರೆದುಕೊಟ್ಟ ಇಟ್ರಾಕೊನಜೋಲ್ ಅಥವಾ ಟರ್ಬಿನಾಫಿನ್ ಮಾತ್ರೆಯನ್ನು ನೀವು ನುಂಗಬೇಡಿ. ಲಿವರ್, ಹೃದಯ ನೋಡಿ ಕೊಡುವ ಔಷಧಿ ಅವು.

ಈಗಿನ ಹುಳುಕಡ್ಡಿ ಮೊದಲಿನಷ್ಟು ಸುಲಭವಾಗಿ ಹೋಗುತ್ತಿಲ್ಲ ಅನ್ನುವುದೂ ನಿಜ. ನಮ್ಮ ಕಡೆ ಹಬ್ಬಿರುವ ಒಂದು ತಳಿಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೆ ಅಂತ ಹೆಸರಿಟ್ಟರು. ಹೆಸರಲ್ಲೇ ಇಂಡಿಯಾ ಇದೆ. ಟರ್ಬಿನಾಫಿನ್‌ಗೆ ಅದು ಎಷ್ಟೋ ಸಲ ಬಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲೂ ಕಾಣಿಸಿಕೊಂಡಿತು. ಬೇಕಾಬಿಟ್ಟಿ ಹಚ್ಚಿದ ಮಿಶ್ರಣದ ಮುಲಾಮುಗಳನ್ನೂ ತಜ್ಞರು ಇದಕ್ಕೆ ಕಾರಣವಾಗಿ ಹೇಳುತ್ತಾರೆ. ಅದಕ್ಕೇ ಡಾಕ್ಟರು ಒಂದೂವರೆ, ಎರಡು ತಿಂಗಳು ಔಷಧಿ ಬರೆದರೆ ದುಡ್ಡಿಗೆ ಅಂದುಕೊಳ್ಳಬೇಡಿ, ಪೂರ್ತಿ ಮುಗಿಸಿ.

ಕೊನೆಗೆ, ವಾಸಿಯಾಗಿದೆ ಅಂತ ತಿಳಿಯುವುದು ಹೇಗೆ? ಕಣ್ಣು ಮುಚ್ಚಿ ಬೆರಳ ತುದಿ ಆಡಿಸಿ. ಅಂಚು ಕೈಗೆ ಸಿಗಬಾರದು, ಹೊಟ್ಟು ಉದುರಬಾರದು, ತುರಿಕೆ ಇರಬಾರದು. ಕಂದು ಕಲೆ ಮಾತ್ರ ಉಳಿದಿರುತ್ತದೆ. ಅದು ಕಾಯಿಲೆಯಲ್ಲ, ಕೆಲವು ತಿಂಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಅದನ್ನು ಬೆಳ್ಳಗೆ ಮಾಡುತ್ತೇವೆ ಅನ್ನುವ ಕ್ರೀಮುಗಳಲ್ಲೂ ಎಷ್ಟೋ ಸಲ ಅದೇ ಮೊಮೆಟಾಸೋನ್ ಇರುತ್ತದೆ. ಅದನ್ನೂ ತಿರುಗಿಸಿ ಓದಿ ನೋಡಿ.