ಫಿನ್ಲೆಂಡ್ 1939–44: ಸಣ್ಣ ದೇಶದ ಯುದ್ಧಕಾಲದ ನಿರ್ಧಾರಗಳನ್ನು ತರಗತಿಯಲ್ಲಿ ಆಡಿಸುವುದು ಹೇಗೆ

ಎರಡನೇ ಮಹಾಯುದ್ಧದ ಪಾಠದಲ್ಲಿ ಫಿನ್ಲೆಂಡಿಗೆ ಸಿಗುವುದು ಹೆಚ್ಚೆಂದರೆ ಎರಡು ಸಾಲು: ರಷ್ಯಾ ದಾಳಿ ಮಾಡಿತು, ಆಮೇಲೆ ಫಿನ್ಲೆಂಡ್ ಜರ್ಮನಿಯ ಜೊತೆ ಸೇರಿತು. ನಡುವೆ ಆ ದೇಶದ ಮುಂದೆ ಏನೇನು ದಾರಿಗಳಿದ್ದವು, ಯಾವ ದಾರಿ ಯಾವ ದಿನ ಮುಚ್ಚಿತು ಎಂಬುದು ವಿದ್ಯಾರ್ಥಿಗೆ ತಿಳಿಯಬೇಕಾದರೆ ಅವನನ್ನೇ ಆ ಮೇಜಿಗೆ ಕೂರಿಸಬೇಕು. ಪಿಯು, ಪದವಿ ತರಗತಿಗಳಿಗೆ ಅಥವಾ ಊರಿನ ಓದುಬಳಗಕ್ಕೆ ಹೊಂದುವ, ಮೂರೂವರೆ ಗಂಟೆಯ ನಿರ್ಧಾರದ ಆಟವೊಂದನ್ನು ಕಟ್ಟುವ ಕ್ರಮ ಇಲ್ಲಿದೆ.

ಆಟಕ್ಕೆ ಇರುವ ಮೂಲ ನಿಯಮ ಒಂದೇ. ಆ ದಿನ ಹೆಲ್ಸಿಂಕಿಯಲ್ಲಿ ಗೊತ್ತಿದ್ದುದನ್ನು ಮಾತ್ರ ಮೇಜಿನ ಮೇಲಿಡಿ. ಉಳಿದದ್ದೆಲ್ಲ ಮುಚ್ಚಿದ ಲಕೋಟೆಯಲ್ಲಿರಲಿ. ಇದು ಸಡಿಲವಾದರೆ ಆಟ ಹತ್ತೇ ನಿಮಿಷದಲ್ಲಿ ಕೆಡುತ್ತದೆ, ಏಕೆಂದರೆ ಹಿಟ್ಲರ್ ಸೋಲುತ್ತಾನೆಂದು ಗೊತ್ತಿರುವವರಿಗೆ ಎಲ್ಲ ನಿರ್ಧಾರವೂ ಸುಲಭ.

ಜನ, ನಕ್ಷೆ, ಲಕೋಟೆ

25ರಿಂದ 30 ಜನ ಇದ್ದರೆ ಚೆನ್ನ. ಫಿನ್ಲೆಂಡಿನ ಮೇಜಿಗೆ ಆರು ಜನ: ಅಧ್ಯಕ್ಷ ಕಲ್ಲಿಯೊ, ಪ್ರಧಾನಿ ಕಾಯಾಂಡರ್, ವಿದೇಶಾಂಗ ಸಚಿವ ಎರ್ಕೊ, ಹಣಕಾಸು ಸಚಿವ ಟಾನ್ನರ್, ರಕ್ಷಣಾ ಮಂಡಳಿಯ ಮಾನ್ನರ್‌ಹೈಮ್, ಮಾತುಕತೆಗೆ ಹೋಗುವ ಪಾಸಿಕಿವಿ. ಮಾಸ್ಕೋ, ಬರ್ಲಿನ್, ಸ್ಟಾಕ್‌ಹೋಮ್‌ಗೆ ಮೂರು ಮೂರು ಜನ. ಲಂಡನ್ ಮತ್ತು ಪ್ಯಾರಿಸ್ ಸೇರಿ ಇನ್ನೊಂದು ಮೂರು. ಉಳಿದವರು ಫಿನ್ಲೆಂಡಿನ ಸಂಸತ್ತು. ಮೊದಲ ಸುತ್ತಾದ ಮೇಲೆ ಮೇಜು ಬದಲಾಗುತ್ತದೆ: ಕಾಯಾಂಡರ್ ಜಾಗಕ್ಕೆ ರಿಸ್ಟೊ ರ್ಯೂಟಿ ಪ್ರಧಾನಿ, ಟಾನ್ನರ್ ವಿದೇಶಾಂಗ ಸಚಿವ, ಎರ್ಕೊ ಕುರ್ಚಿಯಲ್ಲಿದ್ದವರು ರಕ್ಷಣಾ ಸಚಿವ ನ್ಯುಕ್ಕಾನೆನ್ ಆಗಲಿ.

ನಕ್ಷೆಯನ್ನು ಅಚ್ಚು ಹಾಕಿಸಬೇಡಿ, ವಿದ್ಯಾರ್ಥಿಗಳ ಕೈಯಿಂದಲೇ ಬರೆಸಿ. ಅಂಗಡಿಯಲ್ಲಿ ಸಿಗುವ ಒಂದು ಚಾರ್ಟ್ ಶೀಟನ್ನು (ಸುಮಾರು 56 × 71 ಸೆಂ.ಮೀ.) ಉದ್ದುದ್ದ ಇಟ್ಟುಕೊಂಡು 1 ಸೆಂ.ಮೀ.ಗೆ 20 ಕಿ.ಮೀ. ಲೆಕ್ಕ ಹಿಡಿದರೆ ನಾರ್ವೆಯ ನಾರ್ವಿಕ್‌ನಿಂದ ಮುರ್ಮಾನ್‌ಸ್ಕ್‌ವರೆಗೆ ಎಲ್ಲವೂ ಒಂದೇ ಹಾಳೆಯಲ್ಲಿ ಕೂರುತ್ತದೆ. ಲೆನಿನ್‌ಗ್ರಾಡ್ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್), ವೀಪುರಿ, ಹಾಂಕೊ, ಪೆತ್ಸಾಮೊ, ಸೂರ್ಸಾರಿ ದ್ವೀಪ, ಸ್ವೀಡನ್ನಿನ ಯೆಲ್ಲಿವಾರೆ ಗಣಿ ಮತ್ತು ಲುಲಿಯೊ ಬಂದರು ಬಿಟ್ಟುಹೋಗಬಾರದು. ಆಮೇಲೆ ಲೆನಿನ್‌ಗ್ರಾಡ್‌ನಿಂದ 1939ರ ಗಡಿಯವರೆಗೆ ಸ್ಕೇಲ್ ಇಟ್ಟು ಅಳೆಯಲು ಹೇಳಿ. ಬರುವುದು 1.6 ಸೆಂ.ಮೀ., ಅಂದರೆ 32 ಕಿ.ಮೀ. ಸ್ಟಾಲಿನ್ನನ ತಲೆಬಿಸಿ ಏನೆಂದು ಆ ಒಂದೂವರೆ ಸೆಂಟಿಮೀಟರು ಹೇಳುತ್ತದೆ. ಭಯ ನಿಜವಾಗಿರಬಹುದು, ಬೇಡಿಕೆ ಅನ್ಯಾಯವಾಗಿರಬಹುದು. ಎರಡೂ ಒಟ್ಟಿಗೆ ಇರಬಲ್ಲವು ಎಂಬುದನ್ನು ಇಲ್ಲಿಯೇ ಹೇಳಿಬಿಡಿ.

ಪ್ರತಿ ಸುತ್ತಿಗೂ ಪ್ರತಿ ಮೇಜಿಗೆ ಒಂದು ಲಕೋಟೆ. ಒಳಗೆ ಅರ್ಧ ಪುಟ, ಮೂರು ಭಾಗ: ನಮಗೆ ಗೊತ್ತಿರುವುದು, ನಾವು ಊಹಿಸುತ್ತಿರುವುದು, ಕೈಯಲ್ಲಿರುವುದು. ಸೈನಿಕರು, ಫಿರಂಗಿ ಗುಂಡು, ಧಾನ್ಯ, ಉಳಿದಿರುವ ದಿನಗಳು ಮೂರನೆಯ ಭಾಗಕ್ಕೆ ಸೇರಬೇಕು. ಅದನ್ನು ಖಾಲಿ ಬಿಟ್ಟರೆ ವಿದ್ಯಾರ್ಥಿಗಳು ಸ್ವಾಭಿಮಾನ, ಧೈರ್ಯ ಎಂದು ಭಾಷಣಕ್ಕಿಳಿಯುತ್ತಾರೆ.

ಮೊದಲ ಸುತ್ತು: ಅಕ್ಟೋಬರ್ 1939 (35 ನಿಮಿಷ)

ಮಾಸ್ಕೋ ಮೇಜು ಬೇಡಿಕೆ ಓದುತ್ತದೆ: ಲೆನಿನ್‌ಗ್ರಾಡ್ ಪಕ್ಕದ ಕರೇಲಿಯಾ ಭೂಸಂಧಿಯಲ್ಲಿ ಗಡಿ ಹಿಂದಕ್ಕೆ ಸರಿಯಬೇಕು, ಹಾಂಕೊ 30 ವರ್ಷ ಗುತ್ತಿಗೆಗೆ ಬೇಕು, ಫಿನ್ಲೆಂಡ್ ಕೊಲ್ಲಿಯ ದ್ವೀಪಗಳು ಬೇಕು. ಕೇಳಿದ್ದು 2,761 ಚ.ಕಿ.ಮೀ., ಬದಲಿಗೆ ಕೊಡುವುದು ಪೂರ್ವ ಕರೇಲಿಯಾದಲ್ಲಿ 5,529 ಚ.ಕಿ.ಮೀ. ಒಂದಕ್ಕೆ ಎರಡು ಸಿಗುತ್ತಿದೆಯಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಕ್ಷೆ ತೋರಿಸಿ. ಕೊಡುವ ಕಡೆ ಕಾಡು. ಕೇಳುವ ಕಡೆ ದೇಶದ ರಕ್ಷಣಾ ಸಾಲು. ಹಾಂಕೊ ಇರುವುದಂತೂ ಆ ಸಾಲಿನ ಬೆನ್ನಿಗೆ, ಹೆಲ್ಸಿಂಕಿಯಿಂದ ಪಶ್ಚಿಮಕ್ಕೆ.

ಫಿನ್ಲೆಂಡಿನ ಲಕೋಟೆಯಲ್ಲಿ ಎರಡು ಉದಾಹರಣೆ ಇರಬೇಕು. ಚೆಕೊಸ್ಲೊವಾಕಿಯ 1938ರಲ್ಲಿ ಕೋಟೆಸಾಲಿದ್ದ ಗಡಿಪ್ರದೇಶ ಬಿಟ್ಟುಕೊಟ್ಟು 1939ರ ಮಾರ್ಚ್‌ನಲ್ಲಿ ಉಳಿದದ್ದನ್ನೂ ಕಳೆದುಕೊಂಡಿತು. ಎಸ್ಟೋನಿಯಾ ಸೆಪ್ಟೆಂಬರ್ 28ರಂದು ರಷ್ಯಾದ ಸೇನಾನೆಲೆಗಳಿಗೆ ಒಪ್ಪಿ ಸಹಿ ಹಾಕಿತು, ಆ ದಿನಕ್ಕೆ ಅದಿನ್ನೂ ದೇಶವಾಗಿಯೇ ಇದೆ. ಆಗಸ್ಟ್ 23ರ ರಷ್ಯಾ–ಜರ್ಮನಿ ಒಪ್ಪಂದ ಎಲ್ಲರಿಗೂ ಗೊತ್ತು. ಫಿನ್ಲೆಂಡನ್ನು ರಷ್ಯಾದ ಪಾಲಿಗೆ ಬರೆದ ಅದರ ಗುಪ್ತ ಭಾಗ ಬರ್ಲಿನ್ ಮತ್ತು ಮಾಸ್ಕೋ ಲಕೋಟೆಗಳಲ್ಲಿ ಮಾತ್ರ. ಹೆಲ್ಸಿಂಕಿಯವರು ಬರ್ಲಿನ್ ಮೇಜಿಗೆ ನೆರವು ಕೇಳಲು ಬಂದರೆ ಅವರು ತಣ್ಣಗೆ, ಕಾರಣ ಕೊಡದೆ, ಮಾಸ್ಕೋ ಜೊತೆ ರಾಜಿ ಮಾಡಿಕೊಳ್ಳಿ ಎನ್ನಬೇಕು.

ಪಾಸಿಕಿವಿ ಮತ್ತು ಮಾನ್ನರ್‌ಹೈಮ್ ಸ್ವಲ್ಪ ಬಿಟ್ಟುಕೊಡೋಣ ಎಂದವರು. ಎರ್ಕೊ ಬಗ್ಗದವರು, ಮಾಸ್ಕೋ ಹೆದರಿಸುತ್ತಿದೆ ಅಷ್ಟೇ ಎಂದು ನಂಬಿದವರು. ಸೇನಾಧಿಪತಿ ರಾಜಿ ಕೇಳುವುದು, ರಾಜತಾಂತ್ರಿಕ ಹಟ ಹಿಡಿಯುವುದು ವಿದ್ಯಾರ್ಥಿಗಳಿಗೆ ತಲೆಕೆಳಗಾಗಿ ಕಾಣುತ್ತದೆ. ಗುಂಡಿನ ಲೆಕ್ಕ ಯಾರ ಬಳಿ ಇತ್ತು ಎಂದು ಕೇಳಿ, ಸಾಕು. ಸುತ್ತು ಮುಗಿದಾಗ ಅವರ ತೀರ್ಮಾನ ಏನೇ ಇರಲಿ, ನಡೆದದ್ದನ್ನು ಓದಿ: ನವೆಂಬರ್‌ನಲ್ಲಿ ಮಾತುಕತೆ ಮುರಿಯಿತು, 26ರಂದು ಮೈನಿಲಾ ಹಳ್ಳಿಯ ಗುಂಡಿನ ನೆಪ, 30ರಂದು ದಾಳಿ, ಡಿಸೆಂಬರ್ 1ರಂದು ಫಿನ್ಲೆಂಡಿಗೆಂದು ಮಾಸ್ಕೋ ನಿಲ್ಲಿಸಿದ, ಕಮ್ಯುನಿಸ್ಟ್ ನಾಯಕ ಕುಸಿನೆನ್ ನೇತೃತ್ವದ ಕೈಗೊಂಬೆ ಸರ್ಕಾರ. ಎಸ್ಟೋನಿಯಾ 1940ರ ಜೂನ್‌ನಲ್ಲಿ ಏನಾಯಿತು ಎಂಬುದನ್ನು ಈಗಲೇ ಹೇಳಬೇಡಿ.

ಎರಡನೇ ಸುತ್ತು: ಬಾರದ ಸೈನ್ಯದ ಬೆಲೆ, ಫೆಬ್ರವರಿ 29–ಮಾರ್ಚ್ 12, 1940 (50 ನಿಮಿಷ)

ಆಟದ ಜೀವಾಳ ಇದು, ಆದ್ದರಿಂದಲೇ ಹೆಚ್ಚು ಸಮಯ.

ಫೆಬ್ರವರಿ 11ರಿಂದ ಸುಮ್ಮಾ ಬಳಿ ರಕ್ಷಣಾ ಸಾಲು ಬಿರುಕುಬಿಟ್ಟಿದೆ. ವೀಪುರಿಯ ಹೊಸ್ತಿಲಲ್ಲಿ ಶತ್ರು. ಗುಂಡು ಖಾಲಿಯಾಗುತ್ತಿದೆ, ಮೀಸಲು ಪಡೆ ಉಳಿದಿಲ್ಲ. ಮಾನ್ನರ್‌ಹೈಮ್ ಪಾತ್ರದವರ ಲಕೋಟೆಯಲ್ಲಿ ಮಾತ್ರ ಈ ಪೂರ್ತಿ ಚಿತ್ರ ಇರಲಿ. ಎಷ್ಟು, ಯಾವಾಗ ಬಿಚ್ಚಿಡಬೇಕೆಂದು ಅವರೇ ತೀರ್ಮಾನಿಸಲಿ.

ಲಂಡನ್–ಪ್ಯಾರಿಸ್ ಮೇಜಿನಿಂದ ಮಾತು ಬರುತ್ತದೆ: ಅಧಿಕೃತವಾಗಿ ನೆರವು ಕೇಳಿ, ಸೈನ್ಯ ಕಳಿಸುತ್ತೇವೆ. ಫ್ರಾನ್ಸಿನ ಪ್ರಧಾನಿ ದಲಾದಿಯೆ 50,000 ಎನ್ನುತ್ತಾರೆ. ಬ್ರಿಟನ್ನಿನ ಸಂಖ್ಯೆ ಅದಕ್ಕಿಂತ ಬಹಳ ಸಣ್ಣದು. ಇಬ್ಬರೂ ಒಂದೇ ಸಂಖ್ಯೆ ಹೇಳದಂತೆ ನೋಡಿಕೊಳ್ಳಿ, ಏಕೆಂದರೆ ಹೆಲ್ಸಿಂಕಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ದಾರಿ ನಾರ್ವಿಕ್‌ನಲ್ಲಿ ಇಳಿದು ಸ್ವೀಡನ್ ಮೂಲಕ. ಈಗ ಯಾರಾದರೂ ನಕ್ಷೆಯ ಮೇಲೆ ಬೆರಳಾಡಿಸಲಿ: ನಾರ್ವಿಕ್, ಅಲ್ಲಿಂದ ರೈಲು, ಮಧ್ಯದಲ್ಲಿ ಯೆಲ್ಲಿವಾರೆ. ಜರ್ಮನಿಯ ಉಕ್ಕಿಗೆ ಬೇಕಾದ ಅದಿರು ಆ ಗಣಿಯದ್ದು. ಲುಲಿಯೊ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುವುದರಿಂದ ಅದಿರು ನಾರ್ವಿಕ್ ಮೂಲಕವೇ ಹೋಗಬೇಕು. ನೆರವಿನ ದಾರಿಯೂ ಗಣಿಯ ದಾರಿಯೂ ಒಂದೇ ಎಂದು ಬೆರಳಿಟ್ಟವರಿಗೇ ಹೊಳೆಯಬೇಕು. ನೀವು ಬಾಯಿ ಬಿಡಬೇಡಿ.

ಸ್ಟಾಕ್‌ಹೋಮ್ ಮೇಜಿನ ಉತ್ತರ ಖಡಾಖಂಡಿತ: ಸ್ವಯಂಸೇವಕರು ಬರುತ್ತಾರೆ, ಸಾಮಗ್ರಿ ಬರುತ್ತದೆ, ಆದರೆ ಪರದೇಶದ ಸೈನ್ಯಕ್ಕೆ ದಾರಿ ಇಲ್ಲ. ರಾಜ ಐದನೇ ಗುಸ್ತಾವ್ ಫೆಬ್ರವರಿ 19ರಂದೇ ಇದನ್ನು ಬಹಿರಂಗವಾಗಿ ಹೇಳಿಯಾಗಿದೆ.

ಇಲ್ಲಿ ತಪ್ಪುವುದು ಸಾಮಾನ್ಯವಾಗಿ ಹೀಗೆ. ಗುಂಪು "ನೆರವು ಬರುತ್ತದೆಯೋ ಇಲ್ಲವೋ" ಎಂಬ ಒಂದೇ ಪ್ರಶ್ನೆಗೆ ಅಂಟಿಕೊಂಡು, ಬರುವುದಿಲ್ಲ ಎಂದು ಖಾತ್ರಿಯಾದ ಕೂಡಲೇ ಶರಣಾಗುತ್ತದೆ. ಮಾಸ್ಕೋ ಲಕೋಟೆಯಲ್ಲಿ ಏನಿದೆ ಎಂದು ಅವರು ಯೋಚಿಸಿರುವುದಿಲ್ಲ. ಅದರಲ್ಲಿ ಬರೆಯಬೇಕಾದದ್ದು: ಬ್ರಿಟನ್, ಫ್ರಾನ್ಸ್ ಜೊತೆ ಯುದ್ಧಕ್ಕೆ ಸಿಕ್ಕಿಕೊಳ್ಳುವುದು ನಮಗೆ ಬೇಡ, ಬೇಗ ಮುಗಿಸಬೇಕು. ಜನವರಿ ಕೊನೆಯಲ್ಲೇ ಮಾಸ್ಕೋ ಸ್ಟಾಕ್‌ಹೋಮಿನ ತನ್ನ ರಾಯಭಾರಿ ಕೊಲ್ಲೊಂತಾಯ್ ಮೂಲಕ ರ್ಯೂಟಿ ಸರ್ಕಾರದ ಜೊತೆ ಮಾತಿಗೆ ಸಿದ್ಧ ಎಂದು ತಿಳಿಸಿ ಕುಸಿನೆನ್ ಸರ್ಕಾರವನ್ನು ಕೈಬಿಟ್ಟಿತ್ತು. ಅಂದರೆ ಬ್ರಿಟನ್–ಫ್ರಾನ್ಸಿನ ಆ ಸೈನ್ಯ ಯುದ್ಧಭೂಮಿಯಲ್ಲಿ ನಿಷ್ಪ್ರಯೋಜಕವಾದರೂ ಮಾತುಕತೆಯಲ್ಲಿ ತೂಕವುಳ್ಳದ್ದು, ಅದೂ ಬರುವ ಸಾಧ್ಯತೆ ಜೀವಂತ ಇರುವವರೆಗೆ ಮಾತ್ರ. ಅಧಿಕೃತವಾಗಿ ಕೇಳಿದರೆ ಮಹಾಯುದ್ಧಕ್ಕೆ ಬಿದ್ದಂತೆ. ಬೇಡವೆಂದುಬಿಟ್ಟರೆ ಮಾಸ್ಕೋಗೆ ಅವಸರವಿಲ್ಲ. ಈ ಎರಡರ ನಡುವೆ ಎಷ್ಟು ದಿನ ಎಳೆಯಬಹುದು? ಗಡಿಯಾರ ಮೇಜಿನ ಮೇಲಿಡಿ, ನಾಲ್ಕು ನಿಮಿಷಕ್ಕೊಂದು ದಿನ. ಪ್ರತಿ ದಿನಕ್ಕೆ ವೀಪುರಿಯತ್ತ ಒಂದು ಗುಂಡುಸೂಜಿ ಮುಂದೆ ಸರಿಯಲಿ.

ನಡೆದದ್ದು: ಮಾರ್ಚ್ 12ರಂದು ಸಹಿ, 13ರಂದು ಬೆಳಗ್ಗೆ 11ಕ್ಕೆ ಗುಂಡು ನಿಂತಿತು. 105 ದಿನ, ಸುಮಾರು 25,000 ಫಿನ್ನರ ಸಾವು. ವೀಪುರಿ ಹೋಯಿತು, ಹಾಂಕೊ ಗುತ್ತಿಗೆಗೆ ಹೋಯಿತು, 4 ಲಕ್ಷಕ್ಕೂ ಹೆಚ್ಚು ಜನ ಮನೆಮಾರು ಬಿಟ್ಟು ಬಂದರು. ದೇಶದ ಜನಸಂಖ್ಯೆಯೇ ಸುಮಾರು 37 ಲಕ್ಷ. ನ್ಯುಕ್ಕಾನೆನ್ ಒಪ್ಪದೆ ರಾಜೀನಾಮೆ ಕೊಟ್ಟರು; ಆ ಪಾತ್ರದವರಿಗೂ ಎದ್ದುಹೋಗುವ ಸ್ವಾತಂತ್ರ್ಯವಿರಲಿ.

ಮೂರು ಮತ್ತು ನಾಲ್ಕು: ಬರ್ಲಿನ್ ಕಡೆಗೆ (45 ನಿಮಿಷ)

ಎಸ್ಟೋನಿಯಾದ ಲಕೋಟೆ ಒಡೆಯುವುದು ಇಲ್ಲಿ. 1940ರ ಜೂನ್‌ನಲ್ಲಿ ಮೂರೂ ಬಾಲ್ಟಿಕ್ ದೇಶಗಳನ್ನು ರಷ್ಯಾ ವಶಪಡಿಸಿಕೊಂಡಿತು. ಏಪ್ರಿಲ್‌ನಲ್ಲಿ ಜರ್ಮನಿ ನುಗ್ಗಿದ ಡೆನ್ಮಾರ್ಕ್, ನಾರ್ವೆ ಈಗ ಅದರ ಕೈಯಲ್ಲಿವೆ, ಬಾಲ್ಟಿಕ್ ಸಮುದ್ರದ ಬಾಯಿ ಮುಚ್ಚಿದೆ. ತಿನ್ನುವ ಧಾನ್ಯದಲ್ಲಿ ಫಿನ್ಲೆಂಡ್ ಸ್ವಾವಲಂಬಿಯಲ್ಲ. ಸ್ವೀಡನ್ ಜೊತೆ ರಕ್ಷಣಾ ಒಕ್ಕೂಟ ಮಾಡೋಣವೆಂದರೆ ಮಾಸ್ಕೋ ಒಪ್ಪುತ್ತಿಲ್ಲ. ಆಗಸ್ಟ್‌ನಲ್ಲಿ ಬರ್ಲಿನ್ ಕೇಳುತ್ತದೆ: ಉತ್ತರ ನಾರ್ವೆಗೆ ನಮ್ಮ ಸೈನಿಕರು ನಿಮ್ಮ ನೆಲದ ಮೂಲಕ ಹೋಗಲಿ, ಬದಲಿಗೆ ಆಯುಧ ಕೊಡುತ್ತೇವೆ.

ಈ ಸುತ್ತಿನಲ್ಲಿ ಸಂಸತ್ತಿನ ಗುಂಪನ್ನು ಕಾರಿಡಾರಿಗೆ ಕಳಿಸಿ. ಅವರು ಗೊಣಗಲಿ. ನಿಜವಾಗಿಯೂ ಬೆರಳೆಣಿಕೆಯ ಜನ ಈ ನಿರ್ಧಾರ ತೆಗೆದುಕೊಂಡರು. ಸೆಪ್ಟೆಂಬರ್‌ನಲ್ಲಿ ಜರ್ಮನ್ ಸೈನಿಕರು ವಾಸಾ ಬಂದರಿನಲ್ಲಿ ಇಳಿದ ಮೇಲಷ್ಟೇ ಉಳಿದವರಿಗೆ ತಿಳಿಯಿತು. "ತಟಸ್ಥವಾಗಿರುತ್ತೇವೆ" ಎಂಬ ಉತ್ತರ ಬಂದರೆ, ಧಾನ್ಯ ಯಾರಿಂದ, ಯಾವ ಹಡಗಿನಲ್ಲಿ ಎಂದು ಬರೆದುಕೊಡಲು ಹೇಳಿ.

ನಾಲ್ಕನೆಯದು 1941ರ ಸೆಪ್ಟೆಂಬರ್. ಜೂನ್ 25ರಂದು ರಷ್ಯಾದ ಬಾಂಬ್ ದಾಳಿಯ ನಂತರ ಫಿನ್ಲೆಂಡ್ ಜರ್ಮನಿಯ ಪಕ್ಕದಲ್ಲಿ ಯುದ್ಧಕ್ಕಿಳಿದಿದೆ, ಕಳೆದುಕೊಂಡ ನೆಲ ವಾಪಸ್ ಬಂದಿದೆ. ಹಳೆಯ ಗಡಿಯಲ್ಲಿ ನಿಲ್ಲಬೇಕೆ, ದಾಟಬೇಕೆ? ಇದನ್ನು ಪ್ರತ್ಯೇಕ ಸುತ್ತಾಗಿಯೇ ಇಡಿ. ಹಿಂದಿನ ಸುತ್ತುಗಳ ಇಕ್ಕಟ್ಟು ಇಲ್ಲಿ ಅಷ್ಟಿರಲಿಲ್ಲ, ಆದರೂ ದಾಟಿದರು. ಸ್ವಿರ್ ನದಿಯವರೆಗೆ ಹೋದರು. ಲೆನಿನ್‌ಗ್ರಾಡ್ ಮೇಲೆ ದಾಳಿ ಮಾಡಿ ಎಂಬ ಜರ್ಮನ್ ಒತ್ತಾಯಕ್ಕೆ ಮಾನ್ನರ್‌ಹೈಮ್ ಮಣಿಯಲಿಲ್ಲ ನಿಜ, ಆದರೆ ಜರ್ಮನ್ನರು ಆ ನಗರಕ್ಕೆ ಹಾಕಿದ ಮುತ್ತಿಗೆಯ ಉತ್ತರದ ಬದಿ ಫಿನ್ನರ ಸಾಲೇ ಆಗಿತ್ತು. ಪೂರ್ವ ಕರೇಲಿಯಾದಲ್ಲಿ ರಷ್ಯನ್ ನಾಗರಿಕರನ್ನು ಶಿಬಿರಗಳಲ್ಲಿ ಕೂಡಿಹಾಕಿದರು, ಹಸಿವು ಮತ್ತು ರೋಗದಿಂದ ಸಾವಿರಾರು ಜನ ಸತ್ತರು. ಪುಟ್ಟ ದೇಶ ಪಾಪ ಎಂಬ ಕನಿಕರದಲ್ಲಿ ಈ ಕಾಗದವನ್ನು ಪಕ್ಕಕ್ಕಿಡುವ ಆಟ ನಮ್ಮ ದೃಷ್ಟಿಯಲ್ಲಿ ಅಪ್ರಾಮಾಣಿಕ. ಬ್ರಿಟನ್ 1941ರ ಡಿಸೆಂಬರ್ 6ರಂದು, ಫಿನ್ಲೆಂಡಿನ ಸ್ವಾತಂತ್ರ್ಯ ದಿನವೇ, ಯುದ್ಧ ಸಾರಿತು; ಅಮೆರಿಕ ಕೊನೆವರೆಗೂ ಸಾರಲಿಲ್ಲ.

ಐದನೇ ಸುತ್ತು: ಪತ್ರ, ಜೂನ್ 1944 (45 ನಿಮಿಷ)

ಜೂನ್ 9ರಂದು ರಷ್ಯಾದ ಭಾರೀ ದಾಳಿ, 20ರಂದು ವೀಪುರಿ ಮತ್ತೆ ಕೈಬಿಟ್ಟಿತು. 22ರಂದು ಜರ್ಮನಿಯ ವಿದೇಶಾಂಗ ಸಚಿವ ರಿಬ್ಬೆನ್‌ಟ್ರಾಪ್ ಹೆಲ್ಸಿಂಕಿಗೆ ಬಂದಿಳಿಯುತ್ತಾರೆ. ಟ್ಯಾಂಕ್ ನಾಶಕ ಪಾನ್ಸರ್‌ಫೌಸ್ಟ್, ವಿಮಾನ, ಧಾನ್ಯ ಬೇಕಾದರೆ ಪ್ರತ್ಯೇಕ ಶಾಂತಿ ಮಾಡಿಕೊಳ್ಳುವುದಿಲ್ಲವೆಂದು ಬರೆದುಕೊಡಿ. ಬರೆದುಕೊಟ್ಟರೆ ಶಾಂತಿಯ ಬಾಗಿಲು ಮುಚ್ಚುತ್ತದೆ. ಕೊಡದಿದ್ದರೆ ಸೇನೆ ಕುಸಿಯುತ್ತದೆ.

ಫಿನ್ಲೆಂಡ್ ಮೇಜಿಗೆ ಖಾಲಿ ಹಾಳೆ ಕೊಟ್ಟು 15 ನಿಮಿಷದಲ್ಲಿ ಪತ್ರ ಬರೆಸಿ. ಬರೆದಾದ ಮೇಲೆ ಮೂರನ್ನು ನೋಡಿ: ಪತ್ರದ ಕರ್ತೃ ಯಾರು, ಸಂಸತ್ತಿನ ಒಪ್ಪಿಗೆ ಇದೆಯೇ, ಎಲ್ಲಿಯವರೆಗೆ ಜಾರಿ. ಬಹುತೇಕ ಗುಂಪುಗಳು "ಫಿನ್ಲೆಂಡ್ ಸರ್ಕಾರವು" ಎಂದು ಶುರುಮಾಡಿ ಅಲ್ಲೇ ಸಿಕ್ಕಿಬೀಳುತ್ತವೆ. ಅಷ್ಟರಲ್ಲಿ ಅಧ್ಯಕ್ಷರಾಗಿದ್ದ ರ್ಯೂಟಿ ಜೂನ್ 26ರಂದು ಕೊಟ್ಟ ಪತ್ರ ಅವರ ಸ್ವಂತ ಮಾತಿನಂತಿತ್ತು: ತಾನಾಗಲಿ, ತಾನು ನೇಮಿಸುವ ಸರ್ಕಾರವಾಗಲಿ ಜರ್ಮನಿಯ ಸಮ್ಮತಿಯಿಲ್ಲದೆ ಶಾಂತಿ ಮಾಡಿಕೊಳ್ಳುವುದಿಲ್ಲ. ಸಂಸತ್ತಿಗೆ ಹೋಗಿದ್ದರೆ ಕುಣಿಕೆ ದೇಶದ ಕೊರಳಿಗೆ ಬೀಳುತ್ತಿತ್ತು, ಹೋಗದೆ ಒಬ್ಬನ ಕೊರಳಿಗೆ ಬಿತ್ತು. ನೆರವು ಬಂತು, ವೀಪುರಿ ಬಳಿಯ ತಾಲಿ–ಇಹಾಂತಲದಲ್ಲಿ ಸಾಲು ನಿಂತಿತು, ಅಮೆರಿಕ ಜೂನ್ 30ರಂದು ಸಂಬಂಧ ಕಡಿದುಕೊಂಡಿತು. ಆಗಸ್ಟ್ 1ರಂದು ರ್ಯೂಟಿ ರಾಜೀನಾಮೆ. 4ರಂದು ಮಾನ್ನರ್‌ಹೈಮ್ ಅಧ್ಯಕ್ಷ. 17ರಂದು ಭೇಟಿಗೆ ಬಂದ ಜರ್ಮನ್ ಸೇನಾ ಮುಖ್ಯಸ್ಥ ಕೈಟೆಲ್‌ಗೆ ಆ ಪತ್ರ ತನ್ನನ್ನು ಕಟ್ಟಿಹಾಕುವುದಿಲ್ಲವೆಂದು ತಿಳಿಸಿದರು. ಯುದ್ಧದ ನಂತರದ ವಿಚಾರಣೆಯಲ್ಲಿ ರ್ಯೂಟಿಗೆ 10 ವರ್ಷ ಶಿಕ್ಷೆಯಾಯಿತು, 1949ರಲ್ಲಿ ಕ್ಷಮಾದಾನ. ಬರ್ಲಿನ್ ಮೇಜಿನವರು ಇದು ಮೋಸ ಎಂದು ಗಲಾಟೆ ಮಾಡಿದರೆ ತಡೆಯಬೇಡಿ, ವಾದ ಅಲ್ಲೇ ಇದೆ.

ಕೊನೆಯ ಕಾಗದ ಸೆಪ್ಟೆಂಬರ್ 19ರ ಕದನವಿರಾಮ: 1940ರ ಗಡಿ, ಜೊತೆಗೆ ಪೆತ್ಸಾಮೊ ರಷ್ಯಾಕ್ಕೆ, ಹೆಲ್ಸಿಂಕಿ ಪಕ್ಕದ ಪೊರ್ಕ್ಕಲ 50 ವರ್ಷ ಗುತ್ತಿಗೆ, 30 ಕೋಟಿ ಡಾಲರ್ ಬೆಲೆಯ ಸರಕು ಪರಿಹಾರ, ಉತ್ತರದಲ್ಲಿರುವ ಸುಮಾರು 2 ಲಕ್ಷ ಜರ್ಮನ್ ಸೈನಿಕರನ್ನು ಫಿನ್ನರೇ ಹೊರಹಾಕಬೇಕು. ನಿನ್ನೆಯವರೆಗೆ ಜೊತೆಗಿದ್ದವರ ಮೇಲೆ ಗುಂಡು ಹಾರಿಸಲು ಮೇಜು ಹಿಂಜರಿಯುತ್ತದೆ. ನಿಜದ ಫಿನ್ನರೂ ಮೊದಮೊದಲು ಜರ್ಮನ್ನರೊಡನೆ ಒಳಒಪ್ಪಂದ ಮಾಡಿಕೊಂಡು ಅಟ್ಟಿಸಿದಂತೆ ನಟಿಸಿದರು; ಮಾಸ್ಕೋ ಗದರಿದ ಮೇಲೆ ಯುದ್ಧ ನಿಜವಾಯಿತು, ಲ್ಯಾಪ್‌ಲೆಂಡಿನ ರೊವಾನಿಯೆಮಿ ಪಟ್ಟಣ ಸುಟ್ಟುಹೋಯಿತು.

ಚರ್ಚೆಗೆ 35 ನಿಮಿಷ

ಅಂಕ ಕೊಡಬೇಡಿ. ಅಂಕ ಬಂದರೆ ಇತಿಹಾಸದಂತೆಯೇ ನಿರ್ಧರಿಸಿದವರು ಗೆದ್ದಂತೆ ಆಗುತ್ತದೆ. ಬದಲಿಗೆ ಪ್ರತಿ ಸುತ್ತಿಗೂ ಒಂದೇ ಪ್ರಶ್ನೆ: ಯಾವ ದಾರಿ ಆ ದಿನ ಇನ್ನೂ ತೆರೆದಿತ್ತು, ಅದನ್ನು ಮುಚ್ಚಿದವರು ಯಾರು? ಫಿನ್ಲೆಂಡ್ ಉಳಿಯಿತು, ಆದ್ದರಿಂದ ಮಾಡಿದ್ದೆಲ್ಲ ಸರಿ ಎಂದು ಯಾರಾದರೂ ಹೇಳಿದರೆ ಎಸ್ಟೋನಿಯಾದ ಕಾಗದವನ್ನೂ ಪೂರ್ವ ಕರೇಲಿಯಾದ ಕಾಗದವನ್ನೂ ಅವರ ಮುಂದಿಡಿ. ಇದಕ್ಕೂ ಭಾರತಕ್ಕೂ ಏನು ಸಂಬಂಧ ಎಂದು ಕೇಳಿದರೆ 1947ರ ಫೆಬ್ರವರಿ 10ರ ಪ್ಯಾರಿಸ್ ಶಾಂತಿ ಒಪ್ಪಂದ ತೋರಿಸಿ: ಫಿನ್ಲೆಂಡಿನೆದುರು ಸಹಿ ಹಾಕಿದ ದೇಶಗಳಲ್ಲಿ, ಸ್ವಾತಂತ್ರ್ಯಕ್ಕೆ ಆರು ತಿಂಗಳು ಮುಂಚೆ, ಭಾರತವೂ ಇದೆ.

ಎರಡೇ ಗಂಟೆ ಸಿಕ್ಕರೆ ಮೂರನೆಯದನ್ನು ಕೈಬಿಟ್ಟು ಅದರ ಕಾಗದವನ್ನು ಓದಿಹೇಳಿ. ಮೊದಲ ಸುತ್ತು 20 ನಿಮಿಷ, ನಾಲ್ಕನೆಯದು 15, ಐದನೆಯದು 20, ಚರ್ಚೆ 15. ಎರಡನೇ ಸುತ್ತಿನ 50 ನಿಮಿಷಕ್ಕೆ ಕತ್ತರಿ ಹಾಕಬೇಡಿ. 12 ಜನರೇ ಇದ್ದರೆ ಸಂಸತ್ತನ್ನು ತೆಗೆದು ಫಿನ್ಲೆಂಡಿಗೆ ನಾಲ್ಕು, ಉಳಿದ ಮೇಜುಗಳಿಗೆ ಇಬ್ಬಿಬ್ಬರು ಸಾಕು; ಆಗ ರ್ಯೂಟಿ ಪತ್ರದ ವೇಳೆ ಸ್ಟಾಕ್‌ಹೋಮಿನ ಇಬ್ಬರು ಸಂಸದರಾಗಲಿ.